ಜಾಲತಾಣ ತೋರಿಸಿದ ಬೆಲೆಯನ್ನು ನಂಬಬಹುದೇ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆಯವರು 1990ರ ಸುಮಾರಿಗೆ ಕಟ್ಟಿಸಿದ ಮನೆಯನ್ನು ಮಾರಬೇಕೆಂದಿದ್ದೇವೆ. ಎರಡು ಜಾಲತಾಣಗಳು ತೋರಿಸಿದ ಅಂದಾಜು ಬೆಲೆಗಳ ನಡುವೆ ಬಹಳ ಅಂತರವಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ಅಂತಿಮವೆಂದು ಭಾವಿಸಬೇಡಿ. ನಮ್ಮಲ್ಲಿನ ಇಂತಹ ಅಂದಾಜುಗಳು ಬಹುಮಟ್ಟಿಗೆ ಮಾರುವವರು ಜಾಹೀರಾತಿನಲ್ಲಿ ಕೇಳಿರುವ ಬೆಲೆಯನ್ನು ಆಧರಿಸಿರುತ್ತವೆಯೇ ಹೊರತು, ಚೌಕಾಸಿ ಮುಗಿದು ವ್ಯವಹಾರ ಕುದುರಿದ ಬೆಲೆಯನ್ನಲ್ಲ. ಅಮೆರಿಕದಲ್ಲಿ 2006ರಿಂದ ಮನೆಗಳ ಅಂದಾಜು ಬೆಲೆ ಪ್ರಕಟಿಸುತ್ತಿರುವ ಜಿಲ್ಲೋ ಸಂಸ್ಥೆಗೆ ಅನೇಕ ರಾಜ್ಯಗಳ ಮಾರಾಟದ ಸಾರ್ವಜನಿಕ ದಾಖಲೆಗಳು ಲಭ್ಯವಿವೆ. ಹಾಗಿದ್ದೂ, ತಾನೇ ಮನೆಗಳನ್ನು ಕೊಂಡು ಮಾರುವ ವ್ಯವಹಾರವನ್ನು, ಮುಂದಿನ ಬೆಲೆಗಳನ್ನು ಸರಿಯಾಗಿ ಊಹಿಸಲಾಗದೆ, ಅದು 2021ರಲ್ಲಿ ಕೈಬಿಡಬೇಕಾಯಿತು. ನಮ್ಮಲ್ಲಂತೂ ಕ್ರಯಪತ್ರದಲ್ಲಿ ಬರೆಯುವ ಮೊತ್ತವೇ ಎಷ್ಟೋ ಸಲ ನಿಜಕ್ಕಿಂತ ಕಡಿಮೆ (ಇದು ಎಲ್ಲರಿಗೂ ತಿಳಿದ ಗುಟ್ಟು).

ಹಳೆಯ ಮನೆಯ ಬೆಲೆಯಲ್ಲಿ ದೊಡ್ಡ ಪಾಲು ನಿವೇಶನದ್ದು. ಎದುರಿನ ರಸ್ತೆಯ ಅಗಲ, ಮೂಲೆ ನಿವೇಶನವೇ ಎಂಬುದು, ಖಾತೆಯ ಸ್ಥಿತಿ, ಒಡಹುಟ್ಟಿದವರ ಹಕ್ಕು ಇವೆಲ್ಲ ಜಾಲತಾಣದ ಲೆಕ್ಕಕ್ಕೆ ಸಿಗುವುದು ಕಷ್ಟ. ಮೊದಲು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ತಾಣದಲ್ಲಿ ನಿಮ್ಮ ಬಡಾವಣೆಯ ಮಾರ್ಗಸೂಚಿ ದರವನ್ನು (ಸರ್ಕಾರ ಗೊತ್ತುಪಡಿಸಿದ ದರ) ನೋಡಿ. ಅದು ಮಾರುಕಟ್ಟೆಯ ಬೆಲೆಯಲ್ಲವಾದರೂ, ಕ್ರಯದ ಮೊತ್ತ ಮತ್ತು ಮಾರ್ಗಸೂಚಿ ಮೌಲ್ಯ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ ಬೀಳುವುದರಿಂದ ತಿಳಿದಿರಬೇಕು. ಅನಂತರ ನೋಂದಾಯಿತ ಮೌಲ್ಯಮಾಪಕರೊಬ್ಬರಿಂದ ಲಿಖಿತ ವರದಿ ಪಡೆಯಿರಿ. ನಿಮ್ಮ ಮನೆ 2001ಕ್ಕಿಂತ ಹಿಂದಿನದಾದ್ದರಿಂದ, ಬಂಡವಾಳ ಲಾಭದ ತೆರಿಗೆಯ (ಆಸ್ತಿ ಮಾರಿ ಬಂದ ಲಾಭದ ಮೇಲಿನ ತೆರಿಗೆ) ಲೆಕ್ಕಕ್ಕಾಗಿ 2001ರ ಏಪ್ರಿಲ್ 1ರಂದು ಇದ್ದ ಮೌಲ್ಯವನ್ನೂ ಅವರಿಂದಲೇ ಬರೆಸಿಕೊಳ್ಳಿ.