ಪ್ರತಿಕ್ರಿಯೆ: ಫೋಟೊ ಆಮೇಲೆ, ಮೊದಲು ನೀರಿನ ಮಟ್ಟ

ಹಳೇ ಬಾಗಲಕೋಟೆಯ ಹಿನ್ನೀರಿನ ದಂಡೆ ವಿನ್ಯಾಸಕ್ಕೆ ನೆದರ್ಲೆಂಡ್ಸ್ ವಿದ್ಯಾರ್ಥಿಗಳಿಗೆ ಮೊದಲು ಏನು ಕಳಿಸಬೇಕು ಅಂತ ಕೇಳೀರಿ. 1:200 ಅಳತೆಯ ಸೆಕ್ಷನ್ (ದಂಡೆ ಅಡ್ಡ ಕೊಯ್ದಂಗ ತೋರಿಸೋ ನಕ್ಷೆ) ಕಳಿಸ್ರಿ, ಅದರಾಗ ಎರಡು ಗೆರೆ ಇರಲಿ: ಆಲಮಟ್ಟಿ ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀ., ಎತ್ತರಿಸುವ ಪ್ರಸ್ತಾವದ 524.256 ಮೀ. ಇವೆರಡರ ನಡುವೆ ಕಾಯಂ ಕಟ್ಟಡ ಬ್ಯಾಡ.

ಎಡವೋದು ಎತ್ತರದ ಲೆಕ್ಕದಾಗ. ಎತ್ತರ ಅಳೆಯೋಕೆ ಅವರ ಆಧಾರ ಎನ್‌ಎಪಿ (ಆಮ್‌ಸ್ಟರ್‌ಡ್ಯಾಮ್‌ನ ಮಟ್ಟ), ನಮ್ಮದು ಭಾರತದ ಸರಾಸರಿ ಸಮುದ್ರಮಟ್ಟ. ಜಿಪಿಎಸ್‌ನ ಕಚ್ಚಾ ಎತ್ತರ ನಮ್ಮದಕ್ಕಿಂತ ಹತ್ತಾರು ಮೀಟರ್ ಬ್ಯಾರೆ. ಬೆಂಚ್‌ಮಾರ್ಕ್‌ನಿಂದ (ಎತ್ತರ ಗೊತ್ತಿರೋ ಗುರುತಿನ ಕಲ್ಲು) ಆಟೊ ಲೆವೆಲ್ ಅನ್ನೋ ಮಟ್ಟ ನೋಡೋ ಯಂತ್ರ ಹಿಡಿದು ಮಟ್ಟ ತರ್ರಿ. ನಕ್ಷೆಯ ನಿರ್ದೇಶಾಂಕ ಯುಟಿಎಂ ಪದ್ಧತಿಯ 43 ಉತ್ತರ ವಲಯದಾಗ ಇರಲಿ.

ಅವರ ಊರಿನ ಕಾಲುವೆ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಾಗ ಇರತೈತಿ. ನಮ್ಮಲ್ಲಿ ಬ್ಯಾಸಗಿಗೆ ನೀರು ಹಿಂದ ಸರಿದು ಬರೇ ಕೆಸರು, ಬಿರುಕುಬಿಟ್ಟ ಎರಿಮಣ್ಣು. ಮೇ ತಿಂಗಳ ಸೆಕ್ಷನ್ ಬ್ಯಾರೆ ಬರೀರಿ. ಇಲ್ಲಾಂದ್ರ ತೇಲೋ ಜೆಟ್ಟಿ ಬರೆದು ಕೂಡ್ತಾರ! ಎರಿ ಉಬ್ಬಿ ಕುಗ್ಗಿ ಮೆಟ್ಟಿಲು ಒಡೀತಾವ, ಅದಕ್ಕ ಕೆಳಗಿನ ಎರಿ ತೆಗೆದು ಗರಸು ತುಂಬಿ ದಮ್ಮಸ್ ಮಾಡೋದನ್ನೂ (ಬಡಿದು ಗಟ್ಟಿ ಮಾಡೋದು) ತೋರಿಸ್ರಿ.