ಹಿಮೋಗ್ಲೋಬಿನ್ 7.6ಕ್ಕೆ ಇಳಿದರೂ ಐಸಿಯು ವೈದ್ಯರು ರಕ್ತ ಏಕೆ ಕೊಡುತ್ತಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ನ್ಯುಮೋನಿಯಾದಿಂದ ವೆಂಟಿಲೇಟರ್ ಮೇಲಿರುವ ನಿಮ್ಮ ದೊಡ್ಡಮ್ಮನ ಹಿಮೋಗ್ಲೋಬಿನ್ ಆರು ದಿನಗಳಲ್ಲಿ 10.8ರಿಂದ 7.6ಕ್ಕೆ ಇಳಿದಿದೆ, ರಕ್ತ ಕೊಡಲು ಅವರ ಇಬ್ಬರು ಗಂಡುಮಕ್ಕಳು ಸಿದ್ಧರಾಗಿ ನಿಂತಿದ್ದರೂ ವೈದ್ಯರು ಸದ್ಯಕ್ಕೆ ಬೇಡ ಎನ್ನುತ್ತಿದ್ದಾರೆ, ಇದು ಅಲಕ್ಷ್ಯವೇ? ನಾನು ಹಲವು ವರ್ಷಗಳಿಂದ ಐಸಿಯುನಲ್ಲಿ ಕೆಲಸ ಮಾಡುತ್ತಿರುವ ವೈದ್ಯ. ರೋಗಿಯನ್ನು ನೋಡದೆ ತೀರ್ಪು ಕೊಡಲಾರೆ. ಆದರೆ ನೀವು ಬರೆದಿರುವಂತೆ ರಕ್ತಸ್ರಾವವಿಲ್ಲದಿದ್ದರೆ, ಬಿಪಿ ಸ್ಥಿರವಾಗಿದ್ದು ಹೃದಯದ ಕಾಯಿಲೆಯೂ ಇಲ್ಲದಿದ್ದರೆ, ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ.

ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿಳಿದರೆ ರಕ್ತ ಕೊಡಬೇಕು ಎಂಬ ನಿಯಮ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. 1942ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಗಳ ಬಗ್ಗೆ ನೀಡಿದ ಸಲಹೆ ಅದು. ಮುಂದೆ ಯಾರೂ ಪರೀಕ್ಷಿಸಿ ನೋಡದೆಯೇ ಎಲ್ಲ ರೋಗಿಗಳಿಗೂ ಹಬ್ಬಿ, ಅರ್ಧ ಶತಮಾನ ನಡೆದುಹೋಯಿತು. 1999ರಲ್ಲಿ ಕೆನಡಾದ ವೈದ್ಯರು ಐಸಿಯುನಲ್ಲಿದ್ದ 838 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ, ಇನ್ನೊಂದಕ್ಕೆ 10ಕ್ಕಿಂತ ಇಳಿದ ಕೂಡಲೇ ರಕ್ತ ಕೊಟ್ಟರು. ಮೂವತ್ತು ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇ. 18.7, ಎರಡನೆಯದರಲ್ಲಿ ಶೇ. 23.3 ರೋಗಿಗಳು ತೀರಿಕೊಂಡಿದ್ದರು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಆದರೆ ಹೆಚ್ಚು ರಕ್ತ ಕೊಟ್ಟಿದ್ದರಿಂದ ಲಾಭವಾಯಿತು ಎನ್ನಲು ಏನೂ ಸಿಗಲಿಲ್ಲ. ನಿಮ್ಮ ದೊಡ್ಡಮ್ಮನ ಸ್ಥಿತಿಗೆ ಇನ್ನೂ ಹತ್ತಿರದ್ದು 2014ರ ಅಧ್ಯಯನ: ಸೋಂಕು ಮೈಗೇರಿ ಬಿಪಿ ಕುಸಿದಿದ್ದ ಸುಮಾರು ಸಾವಿರ ರೋಗಿಗಳಲ್ಲಿ 7 ಮತ್ತು 9ರ ಮಿತಿಗಳನ್ನು ಹೋಲಿಸಿದಾಗ, ತೊಂಬತ್ತು ದಿನಗಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂದು ಹೆಚ್ಚಿನ ಐಸಿಯುಗಳು ಸ್ಥಿರವಾಗಿರುವ ರೋಗಿಗೆ 7ರ ಗೆರೆ ಇಟ್ಟುಕೊಂಡಿರುವುದರ ಹಿಂದೆ ಇರುವುದು ಇಂತಹ ಪುರಾವೆ.

ರಕ್ತ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವುದು ಸಹಜ. ವಿಶ್ರಾಂತಿಯಲ್ಲಿರುವಾಗ ನಮ್ಮ ಅಂಗಾಂಗಗಳು ರಕ್ತ ತಂದುಕೊಡುವ ಆಮ್ಲಜನಕದಲ್ಲಿ ಸುಮಾರು ಕಾಲುಭಾಗವನ್ನಷ್ಟೇ ಬಳಸುತ್ತವೆ. ಕೊರತೆಯಾದಾಗ ಹೃದಯ ತುಸು ಜೋರಾಗಿ ದುಡಿಯುತ್ತದೆ, ಅಂಗಾಂಗಗಳು ಇನ್ನಷ್ಟು ಹೀರಿಕೊಳ್ಳುತ್ತವೆ. ಇತ್ತ ರಕ್ತದ ಬಾಟಲಿಯೊಂದು (ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ಕಾಲವಾದರೂ ಬಾಯಲ್ಲಿ ಉಳಿದಿರುವುದು ಬಾಟಲಿಯೇ) ವಯಸ್ಕರಲ್ಲಿ ಹಿಮೋಗ್ಲೋಬಿನ್ನನ್ನು ಏರಿಸುವುದು ಸುಮಾರು ಒಂದು ಗ್ರಾಂನಷ್ಟು ಮಾತ್ರ, ಅದರ ಜೊತೆಗೆ ರಕ್ತನಾಳಗಳೊಳಗೆ ಅಷ್ಟು ದ್ರವದ ಹೊರೆಯೂ ಸೇರುತ್ತದೆ.

ಆ ಹೊರೆ ಎಂಥದು ಎಂಬುದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಒಂದು ರಾತ್ರಿ ಪಾಳಿಯಲ್ಲಿ, ನಲವತ್ತು ಕೆಜಿಯೂ ತೂಗದ ಅಜ್ಜಿಯೊಬ್ಬರ ವರದಿಯಲ್ಲಿ 7.8 ಎಂದು ಕಂಡ ಗಾಬರಿಗೆ, ಒಂದರ ಹಿಂದೊಂದು ಎರಡು ಬಾಟಲಿ ರಕ್ತ ಕೊಡಿಸಿಬಿಟ್ಟೆ. ಬೆಳಗಿನ ನಾಲ್ಕರ ಹೊತ್ತಿಗೆ ಅಜ್ಜಿ ಮಲಗಲಾರದೆ ಮಂಚದ ಕಂಬಿ ಹಿಡಿದು ಕೂತಿದ್ದರು. ಕತ್ತಿನ ನರ ಉಬ್ಬಿತ್ತು, ಸ್ಟೆತಾಸ್ಕೋಪ್ ಇಟ್ಟಲ್ಲೆಲ್ಲ ಶ್ವಾಸಕೋಶದಲ್ಲಿ ನೀರಿನ ಗುಳುಗುಳು ಸದ್ದು. ಮೂತ್ರ ಹೋಗಿಸುವ ಇಂಜೆಕ್ಷನ್ ಮತ್ತು ಬಿಗಿಯಾದ ಆಮ್ಲಜನಕದ ಮುಖವಾಡದಿಂದ ಅವರು ಚೇತರಿಸಿಕೊಂಡರು. ಮರುದಿನದ ವರದಿಯಲ್ಲಿ ಹಿಮೋಗ್ಲೋಬಿನ್ 9.9 ಇತ್ತು, ಅದನ್ನು ನೋಡಿ ನನಗೆ ಯಾವ ಸಮಾಧಾನವೂ ಆಗಲಿಲ್ಲ. ರಕ್ತಸ್ರಾವವಿಲ್ಲದ ರೋಗಿಗೆ ಅಂದಿನಿಂದ ಒಂದೇ ಬಾಟಲಿ ಕೊಟ್ಟು, ಮತ್ತೆ ಪರೀಕ್ಷಿಸಿ, ಆಮೇಲೆ ಯೋಚಿಸುತ್ತೇನೆ.

ಹಾಗೆಂದು 7 ಎಂಬುದನ್ನು ಲಕ್ಷ್ಮಣರೇಖೆ ಎಂದುಕೊಳ್ಳಬೇಡಿ. ಅಂಗಾಂಗಗಳಿಗೆ ಆಮ್ಲಜನಕ ಸಾಲುತ್ತಿದೆಯೇ ಎಂಬುದನ್ನು ನಾವು ಹಾಸಿಗೆಯ ಪಕ್ಕದಲ್ಲಿ ನಿಂತೇ ನೋಡುತ್ತೇವೆ. ಬೆರಳಿನ ತುದಿಯನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಕೆಂಪಾಗಬೇಕು, ಮೂತ್ರ ಬರುತ್ತಿರಬೇಕು, ರಕ್ತದಲ್ಲಿ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾದಾಗ ಹೆಚ್ಚುವ ವಸ್ತು) ಏರುತ್ತಿರಬಾರದು, ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದಿರುವ ಗುರುತು ಕಾಣಬಾರದು. ಇವು ಹದಗೆಡುತ್ತಿದ್ದು, ಅದಕ್ಕೆ ರಕ್ತಹೀನತೆಯೇ ಕಾರಣವೆನಿಸಿದರೆ 7.6 ಇದ್ದಾಗಲೂ ರಕ್ತ ಕೊಡುತ್ತೇವೆ.

ಕೆಲವರ ವಿಷಯದಲ್ಲಿ ಲೆಕ್ಕವೇ ಬೇರೆ. ಅಪಘಾತದಲ್ಲೋ ಹೆರಿಗೆಯಲ್ಲೋ ಧಾರಾಕಾರ ರಕ್ತ ಹೋಗುತ್ತಿರುವವರಿಗೆ ಹಿಮೋಗ್ಲೋಬಿನ್ ವರದಿಗಾಗಿ ಕಾಯುವುದೇ ತಪ್ಪು, ಏಕೆಂದರೆ ರಕ್ತದ ಜೊತೆ ಅದರ ದ್ರವವೂ ಹೋಗಿರುವುದರಿಂದ ಉಳಿದ ರಕ್ತದಲ್ಲಿ ಅಂಕಿ ಮೊದಲಿಗೆ ಸರಿಯಾಗಿಯೇ ಕಾಣುತ್ತದೆ. ಹೃದಯಾಘಾತವಾದವರ ಬಗ್ಗೆ 2023ರಲ್ಲಿ ಪ್ರಕಟವಾದ, 3,500ಕ್ಕೂ ಹೆಚ್ಚು ರೋಗಿಗಳ ಅಧ್ಯಯನ ಖಚಿತ ಉತ್ತರ ಕೊಡದಿದ್ದರೂ 10ರ ಆಸುಪಾಸಿನ ಕಡೆಗೇ ವಾಲಿತು. ಅಂಥವರಲ್ಲಿ ನಾನು 7ರವರೆಗೆ ಕಾಯುವುದಿಲ್ಲ. ಮಿದುಳಿಗೆ ಪೆಟ್ಟಾದವರಲ್ಲೂ 9ರ ಮಿತಿಯೇ ಮೇಲೆಂದು 2024ರ ಒಂದು ಅಧ್ಯಯನ ಸೂಚಿಸಿದೆ.

ರಕ್ತಸ್ರಾವವಿಲ್ಲದೆ ಅಂಕಿ ಇಳಿದದ್ದು ಹೇಗೆ ಎಂದೂ ಕೇಳಿದ್ದೀರಿ. ಸೋಂಕಿದ್ದಾಗ ಮೂಳೆಯ ಮಜ್ಜೆ ಹೊಸ ರಕ್ತಕಣಗಳನ್ನು ತಯಾರಿಸುವುದು ನಿಧಾನವಾಗುತ್ತದೆ, ಸಲೈನ್‌ನಿಂದ ರಕ್ತ ತೆಳುವಾಗುತ್ತದೆ. ಮೂರನೆಯ ಕಾರಣ ನಾವೇ: ದಿನಕ್ಕೆ ನಾಲ್ಕಾರು ಬಾರಿ ಪರೀಕ್ಷೆಗೆಂದು ತೆಗೆಯುವ ರಕ್ತ ವಾರದಲ್ಲಿ ಗಣನೀಯ ಪ್ರಮಾಣವಾಗುತ್ತದೆ. ಮಕ್ಕಳಿಗೆ ಬಳಸುವ ಚಿಕ್ಕ ಟ್ಯೂಬ್‌ಗಳಲ್ಲಿ ತೆಗೆಯಬಹುದೇ, ದಿನವೂ ಬೇಕಿಲ್ಲದ ಪರೀಕ್ಷೆಗಳನ್ನು ಬಿಡಬಹುದೇ ಎಂದು ನೀವು ಸಂಕೋಚವಿಲ್ಲದೆ ಕೇಳಬಹುದು.

ಮಕ್ಕಳ ವಿಷಯ: ಹೆತ್ತ ಮಕ್ಕಳ ರಕ್ತವನ್ನೇ ತಾಯಿಗೆ ಕೊಡುವುದನ್ನು ನಾವು ಸಾಮಾನ್ಯವಾಗಿ ತಪ್ಪಿಸುತ್ತೇವೆ. ರಕ್ತಸಂಬಂಧಿಯ ಬಿಳಿ ರಕ್ತಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಒಳಗೆ ಬಿಟ್ಟುಕೊಂಡು, ಕೊನೆಗೆ ಅವೇ ದೇಹದ ಮೇಲೆ ತಿರುಗಿಬೀಳುವ ಅಪಾಯ ಅಪರೂಪವಾದರೂ ಪ್ರಾಣಾಂತಿಕ. ಅನಿವಾರ್ಯವಾದರೆ ಆ ರಕ್ತವನ್ನು ವಿಕಿರಣಕ್ಕೊಡ್ಡಿಯೇ ಕೊಡಬೇಕು. ಅವರು ರಕ್ತನಿಧಿಗೆ ದಾನ ಮಾಡಲಿ, ದೊಡ್ಡಮ್ಮನಿಗೆ ಅಲ್ಲಿಂದ ಹೊಂದುವ ಬೇರೊಬ್ಬರ ರಕ್ತ ಬರಲಿ.

ನಾಳೆ ವೈದ್ಯರು ಭೇಟಿಗೆ ಸಿಕ್ಕಾಗ ‘ಯಾಕೆ ಕೊಡುತ್ತಿಲ್ಲ’ ಎನ್ನುವ ಬದಲು ‘ಏನು ಕಂಡರೆ ಕೊಡುತ್ತೀರಿ, ಮುಂದಿನ ಹಿಮೋಗ್ಲೋಬಿನ್ ಪರೀಕ್ಷೆ ಯಾವಾಗ’ ಎಂದು ಕೇಳಿ. ಹೊಂದಾಣಿಕೆ ಪರೀಕ್ಷೆಗೆ ಬೇಕಾದ ಮಾದರಿ ರಕ್ತನಿಧಿಗೆ ಹೋಗಿದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. ನಡುರಾತ್ರಿ ಅಗತ್ಯ ಬಿದ್ದರೆ ಹೊತ್ತು ಹಿಡಿಯುವ ಕೆಲಸ ಅದೇ.