ಪಿಯು ನೋಟ್ಸ್: ಮೊದಲು ನಕಲು ಮಾಡೋದು ನಿಲ್ಸಿ

ಮೇಡಂ, ಮಗಳ ನೋಟ್ಸ್ ಫೋಟೋ ನೋಡಿದೆ. ಫಿಸಿಕ್ಸ್‌ನ ಎಲೆಕ್ಟ್ರೋಸ್ಟ್ಯಾಟಿಕ್ಸ್ ಒಂದಕ್ಕೇ 34 ಪುಟ, ನಾಲ್ಕು ಬಣ್ಣ. ಯಾವ ಹೈಲೈಟರ್ ತಗೊಳ್ಳೋದು ಅಂತ ಕೇಳಿದೀರಿ. ಯಾವುದೂ ಬೇಡ. ಅದು ನೋಟ್ಸ್ ಅಲ್ಲ, ಎನ್‌ಸಿಇಆರ್‌ಟಿ ಪುಸ್ತಕದ ಇನ್ನೊಂದು ಪ್ರತಿ. ಈ ಪೋಷಕರ ಗುಂಪಿನಲ್ಲೇ ಎಷ್ಟು ಜನಕ್ಕೆ ಹೇಳಿದ್ದಾಯ್ತು: ಹೀಗೆ ಶುರು ಮಾಡಿದ ಮಕ್ಕಳು ದಸರಾ ಹೊತ್ತಿಗೆ ಮೂರು ಚಾಪ್ಟರಿಗೇ ಸುಸ್ತಾಗಿರ್ತಾರೆ. ನೋಡ್ಕೊಂಡು ಬರೆಯುವಾಗ ಕೈ ಓಡುತ್ತೆ, ತಲೆ ಓಡಲ್ಲ.

ಕ್ರಮ ತಿರುಗಿಸಿ. ಚಾಪ್ಟರ್ ಓದಿ, ಪುಸ್ತಕ ಮುಚ್ಚಿ, ರೂಲ್ ಇಲ್ಲದ ಎ4 ಹಾಳೆ ತಗೊಂಡು 20 ನಿಮಿಷ ನೆನಪಿಗೆ ಬಂದದ್ದೆಲ್ಲ ನೀಲಿ ಪೆನ್ನಲ್ಲಿ ಬರೀಲಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದು, ತಪ್ಪಾದದ್ದು ಮಾತ್ರ ಕೆಂಪಲ್ಲಿ. ಆ ಕೆಂಪು ಬರಹವೇ ನೋಟ್ಸ್. ಮೂರನೇ ದಿನ, ಹತ್ತನೇ ದಿನ, ತಿಂಗಳಾದ ಮೇಲೆ ಮತ್ತೆ ಖಾಲಿ ಹಾಳೆಯಲ್ಲೇ ಶುರು. ಹಳೇ ಹಾಳೆ ಪಕ್ಕದಲ್ಲಿಟ್ಟು ಬರೆದರೆ ಮತ್ತೆ ನಕಲೇ ಆಗುತ್ತೆ, ಹುಷಾರ್. ಮೂರು ಸಲವೂ ಕೆಂಪಲ್ಲಿ ಬಂದ ಸಾಲನ್ನ ಮಾತ್ರ ಒಂದು ಲಾಂಗ್ ಬುಕ್‌ಗೆ ಹಾಕಲಿ. ಪರೀಕ್ಷೆ ಹಿಂದಿನ ದಿನ ತಿರುವಿ ಹಾಕೋಕೆ ಅದೊಂದೇ ಸಾಕು.

ಮಗಳ ನೋಟ್ಸ್‌ನ ಡೈಪೋಲ್ (ಸಮನಾದ ಪ್ಲಸ್, ಮೈನಸ್ ಚಾರ್ಜ್‌ಗಳ ಜೋಡಿ) ಪುಟವನ್ನೇ ತಗೊಳ್ಳಿ. ಆಕ್ಸಿಯಲ್ (ಜೋಡಿಯ ನೇರದಲ್ಲಿ), ಇಕ್ವಟೋರಿಯಲ್ (ಅಡ್ಡ ನಡುರೇಖೆಯಲ್ಲಿ) ಎರಡೂ ಸೂತ್ರ ಪೆಟ್ಟಿಗೆಯೊಳಗೆ ಚೆಂದವಾಗಿವೆ. ಆದರೆ ಆಕ್ಸಿಯಲ್ ಫೀಲ್ಡ್ ಡೈಪೋಲ್ ಮೊಮೆಂಟ್‌ನ ದಿಕ್ಕಿಗೇ ಇರುತ್ತೆ, ಇಕ್ವಟೋರಿಯಲ್ ಅದಕ್ಕೆ ವಿರುದ್ಧ, ಒಂದೇ ದೂರದಲ್ಲಿ ಅರ್ಧದಷ್ಟು ಅನ್ನೋದು ಎಲ್ಲೂ ಇಲ್ಲ. ದೂರ ಡೈಪೋಲ್‌ಗಿಂತ ತುಂಬಾ ದೊಡ್ಡದಿದ್ದಾಗ ಮಾತ್ರ ಆ ಚಿಕ್ಕ ಸೂತ್ರ ನಿಲ್ಲುತ್ತೆ, ಅದೂ ಇಲ್ಲ. ಪ್ರಶ್ನೆ ಬರೋದು ಇಂಥ ಕಡೆಯಿಂದಲೇ. ಫಿಸಿಕ್ಸ್‌ನಲ್ಲಿ ಸೂತ್ರದ ಪಕ್ಕ ದಿಕ್ಕು, ಯೂನಿಟ್, ಷರತ್ತು ಮೂರೂ ಇರಬೇಕು.

ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಚಾಪ್ಟರ್ ಪ್ರಕಾರ ನೋಟ್ಸ್ ಮಾಡ್ಲೇಬೇಡಿ. ಒಂದು ಎ3 ಡ್ರಾಯಿಂಗ್ ಶೀಟ್, ಮಧ್ಯದಲ್ಲಿ ಬೆಂಜೀನ್, ಸುತ್ತ ಟಾಲ್ವೀನ್, ಫೀನಾಲ್, ಅನಿಲೀನ್, ಬೆಂಜಾಲ್ಡಿಹೈಡ್. ಬಾಣದ ಮೇಲೆ ರಿಯೇಜೆಂಟ್, ಕೆಳಗೆ ಕಂಡಿಷನ್. ಟಾಲ್ವೀನ್‌ಗೆ ಕ್ಷಾರೀಯ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಬಿಸಿ ಮಾಡಿ, ಆಮೇಲೆ ಆಮ್ಲ ಹಾಕಿದರೆ ಬೆಂಜೋಯಿಕ್ ಆಮ್ಲದವರೆಗೂ ಹೋಗುತ್ತೆ. ಕ್ರೋಮಿಲ್ ಕ್ಲೋರೈಡ್ ಆದರೆ ಬೆಂಜಾಲ್ಡಿಹೈಡ್‌ನಲ್ಲೇ ನಿಲ್ಲಿಸಬಹುದು. ಅನಿಲೀನ್‌ನಿಂದ ಹೊರಡುವ ಡೈಯಾಜೋನಿಯಂ ಬಾಣದ ಕೆಳಗೆ 273–278 ಕೆಲ್ವಿನ್ ಬರೆಯದಿದ್ದರೆ ಆ ಬಾಣಕ್ಕೆ ಬೆಲೆ ಇಲ್ಲ, ಬಿಸಿಯಾದರೆ ನೀರಿನ ಜೊತೆ ಸೇರಿ ಫೀನಾಲ್ ಆಗಿಬಿಡುತ್ತೆ. ಆಲ್ಡಾಲ್, ಕ್ಯಾನಿಝಾರೋ ಎರಡೂ ರಿಯಾಕ್ಷನ್ ಅಕ್ಕಪಕ್ಕ ಇಟ್ಟು, ಆಲ್ಫಾ ಹೈಡ್ರೋಜನ್ ಇದೆಯೋ (ಆಲ್ಡಾಲ್) ಇಲ್ಲವೋ (ಕ್ಯಾನಿಝಾರೋ) ಅಂತ ಒಂದೇ ಪ್ರಶ್ನೆ ಬರೀಲಿ. ಇನಾರ್ಗ್ಯಾನಿಕ್‌ಗೆ ಪುಸ್ತಕದಲ್ಲೇ ಪೆನ್ಸಿಲ್ ಗೆರೆ ಸಾಕು.

ಮ್ಯಾಥ್ಸ್‌ಗೆ ನೋಟ್ಸ್ ಅಂತಲೇ ಬೇಡ, ತಪ್ಪುಗಳ ಪುಸ್ತಕ ಬೇಕು: ಎಡಕ್ಕೆ ತಪ್ಪಿದ ಸ್ಟೆಪ್, ಬಲಕ್ಕೆ ಯಾಕೆ ತಪ್ಪಿತು. ಇಂಟಿಗ್ರೇಷನ್‌ನಲ್ಲಿ ಎಕ್ಸ್ ಸ್ಕ್ವೇರ್ ಮೈನಸ್ ಎ ಸ್ಕ್ವೇರ್ ಸೂತ್ರ ಯಾವುದು, ಎ ಸ್ಕ್ವೇರ್ ಮೈನಸ್ ಎಕ್ಸ್ ಸ್ಕ್ವೇರ್ ಯಾವುದು ಅನ್ನೋದು ಅದಲುಬದಲಾಗೋದು ಮಾಮೂಲಿ. ‘ಅಜಾಗರೂಕತೆ’ ಅಂತ ಕಾರಣ ಬರೆಯೋಕೆ ಬಿಡಬೇಡಿ, ಅದು ಕಾರಣವೇ ಅಲ್ಲ. ಯಾವ ಸಾಲಿನಲ್ಲಿ, ಯಾವ ಚಿಹ್ನೆ ಅಂತ ಬರೀಲಿ.

ಬಯಾಲಜಿಗೆ ಎನ್‌ಸಿಇಆರ್‌ಟಿ ಸಾಲುಗಳೇ ಆಧಾರ. ಆದರೆ ಚಿತ್ರ ಬರೆದೇ ಕಲೀಬೇಕು, ಹೆಸರು ಮುಚ್ಚಿಕೊಂಡು. ಹೂವಿನ ಅಂಡಕದೊಳಗಿನ ಎಂಬ್ರಿಯೋ ಸ್ಯಾಕ್ 7 ಕೋಶ, 8 ನ್ಯೂಕ್ಲಿಯಸ್ ಅಂತ ಬಾಯಿಪಾಠ ಆಗಿರುತ್ತೆ, ಚಿತ್ರದಲ್ಲಿ ಆಂಟಿಪೋಡಲ್ ಎಲ್ಲಿ ಅಂದರೆ ಮೈಕ್ರೋಪೈಲ್ (ಅಂಡಕದ ಬಾಯಿ) ಕಡೆ ತೋರಿಸ್ತಾರೆ. ಅವು ಇರೋದು ಅದರ ಎದುರು ತುದಿ, ಕಲೇಜಾ ಕಡೆ.

ಪೆನ್ನಿಗೆ ದುಡ್ಡು ಸುರಿಯಬೇಡಿ. ಪೆನ್ಸಿಲ್ ಅಪ್ಸರಾ, ಬಾಲ್ ಪೆನ್ ರೆನಾಲ್ಡ್ಸ್ ಧಾರಾಳ ಸಾಕು. ಜೆಲ್ ಪೆನ್ ಬೆವರಿದ ಕೈಗೆ ಕಲೆಸಿಹೋಗುತ್ತೆ. ಹಾಳೆಯನ್ನ ರೀಮ್ ಲೆಕ್ಕದಲ್ಲಿ ತಗೊಂಡರೆ ಅಗ್ಗ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಅಂಕ ಇಲ್ಲ. ನೀಟ್‌ನಲ್ಲಿ ತಪ್ಪಿಗೆ 1 ಅಂಕ ಹೋಗುತ್ತೆ. ಎರಡಕ್ಕೂ ಒಂದೇ ಧೈರ್ಯದಲ್ಲಿ ಗೆಸ್ ಮಾಡಬಾರದು, ತಪ್ಪುಗಳ ಪುಸ್ತಕದಲ್ಲಿ ಗೆಸ್ ಮಾಡಿದ್ದಕ್ಕೆ ಬೇರೆ ಗುರುತು ಹಾಕಲಿ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಬೋರ್ಡ್ ಅಂಕ ಅರ್ಧ ಸೇರುತ್ತೆ, ಹಾಗಾಗಿ ಡೆರಿವೇಶನ್ ಬಿಟ್ಟು ಬರೀ ಎಂಸಿಕ್ಯೂ ಮಾಡಿಸೋದೂ ತಪ್ಪು.

ಗುಂಪಿನಲ್ಲಿ ಇನ್ನೊಬ್ಬರು ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಗೈಡ್ ತರ್ತೀನಿ ಅಂದಿದ್ದಾರೆ. ತನ್ನಿ, ಆದರೆ ಯಾವ ವರ್ಷದ್ದು ಅಂತ ನೋಡಿ. ಸಾಲಿಡ್ ಸ್ಟೇಟ್, ಪಾಲಿಮರ್ಸ್ ಈಗಿನ 12ನೇ ತರಗತಿ ಎನ್‌ಸಿಇಆರ್‌ಟಿ ಕೆಮಿಸ್ಟ್ರಿಯಲ್ಲಿ ಇಲ್ಲ. ಪಿ-ಬ್ಲಾಕ್ ಧಾತುಗಳ ಚಾಪ್ಟರ್ ಕೂಡ ಆ ಪುಸ್ತಕದಿಂದ ಹೋಗಿದೆ, ಆದರೆ ನೀಟ್ ಸಿಲಬಸ್‌ನಲ್ಲಿ ಇದೆ. ನೀಟ್ ಬರೆಯೋರು ಆ ಒಂದು ಚಾಪ್ಟರಿಗೆ ಹಳೇ ಪುಸ್ತಕ ಹುಡುಕಿ ಇಟ್ಟುಕೊಳ್ಳಿ.